ಮನೆಯಂಗಳದಲ್ಲಿ ಗುಣಾಕಾರ: ಕಾಸರಗೋಡಿನ ಹೆತ್ತವರು ಪದೇ ಪದೇ ಕೇಳುವ ಪ್ರಶ್ನೆಗಳು

1ರಿಂದ 4ನೇ ತರಗತಿಯ ಮಕ್ಕಳಿರುವ ಮನೆಗಳಿಗಾಗಿ ಈ ಪುಟ. ಇಲ್ಲಿ ಹೇಳಿದ ಯಾವುದಕ್ಕೂ ದುಡ್ಡು ಕೊಟ್ಟು ಸಾಮಾನು ತರಬೇಕಿಲ್ಲ. ಒಂದು ಹಿಡಿ ಹುಣಸೆ ಬೀಜ, ನಾಲ್ಕೈದು ಬಟ್ಟಲು, ಖಾಲಿ ಮೊಟ್ಟೆ ಟ್ರೇ, ಗೋಡೆಯ ಕ್ಯಾಲೆಂಡರ್ ಇದ್ದರೆ ಸಾಕು.

ಮಗು ಗುಣಾಕಾರಕ್ಕೆ ತಯಾರಾಗಿದೆ ಎಂದು ತಿಳಿಯುವುದು ಹೇಗೆ?

ವಯಸ್ಸಿಗಿಂತ ಮೂರು ಸಣ್ಣ ಪರೀಕ್ಷೆಗಳನ್ನು ನಂಬಿ. ಮೊದಲನೆಯದು, 30 ಹುಣಸೆ ಬೀಜಗಳನ್ನು ಒಂದೊಂದನ್ನೇ ಮುಟ್ಟಿ, ಬಿಡದೆ, ಎರಡು ಸಲ ಎಣಿಸದೆ ಲೆಕ್ಕ ಹಾಕಬೇಕು. ಎರಡನೆಯದು, 5 ಬೀಜದ ಪಕ್ಕ ಇನ್ನೊಂದು 5 ಇಟ್ಟರೆ ಮತ್ತೆ ಒಂದರಿಂದ ಶುರು ಮಾಡದೆ 'ಆರು, ಏಳು...' ಎಂದು ಮುಂದುವರಿಸಬೇಕು. ಮೂರನೆಯದು, 12 ಬೀಜಗಳನ್ನು 3 ಬಟ್ಟಲಿಗೆ ಸಮವಾಗಿ ಹಾಕಬೇಕು. ಇದೇ ಮುಖ್ಯವಾದದ್ದು. ಒಂದು ಬಟ್ಟಲಲ್ಲಿ 5, ಇನ್ನೊಂದರಲ್ಲಿ 3 ಇದ್ದರೂ ಮಗುವಿಗೆ ಏನೂ ಅನ್ನಿಸದಿದ್ದರೆ, ಸಮ ಗುಂಪು ಎಂಬ ಕಲ್ಪನೆ ಇನ್ನೂ ಬಂದಿಲ್ಲ ಎಂದರ್ಥ. ಆಗ ಹಂಚುವ ಆಟವನ್ನೇ ಕೆಲವು ವಾರ ಆಡಿಸಿ. ಶಾಲೆಯಲ್ಲಿ ಸಾಮಾನ್ಯವಾಗಿ 2ನೇ ತರಗತಿಯಲ್ಲಿ ಗುಣಾಕಾರದ ಆರಂಭ. ಮನೆಯಲ್ಲಿ ಅದಕ್ಕಿಂತ ಮೊದಲೇ ಜೋಡಿ, ಗುಂಪು, ಸಾಲು ಎಂಬ ಮಾತು ಕಿವಿಗೆ ಬೀಳುತ್ತಿದ್ದರೆ ಒಳ್ಳೆಯದೇ.

ಮೊದಲು ಮಗ್ಗಿ ಬಾಯಿಪಾಠ ಮಾಡಿಸಬೇಕಲ್ಲವೇ?

ಮೊದಲು ಬೇಡ. ಮಗ್ಗಿ ಬೇಕು, ಆದರೆ ಅದರ ಸರದಿ ಆಮೇಲೆ. ಗುಂಪುಗಳನ್ನು ಕಣ್ಣಲ್ಲಿ ಕಾಣದ ಮಗುವಿಗೆ ಮಗ್ಗಿ ಅರ್ಥವಿಲ್ಲದ ಹಾಡಾಗಿಯೇ ಉಳಿಯುತ್ತದೆ. ಹಾಡಿನ ನಡುವೆ ಒಂದು ಸಾಲು ತಪ್ಪಿದರೆ ಅದನ್ನು ಸರಿಪಡಿಸಿಕೊಳ್ಳುವ ದಾರಿ ಆ ಮಗುವಿಗೆ ಗೊತ್ತಿರುವುದಿಲ್ಲ.

ಈ ಕ್ರಮದಲ್ಲಿ ಹೋಗಿ. ಮೂರು ತಟ್ಟೆ ಇಡಿ, ಒಂದೊಂದರಲ್ಲಿ 4 ಗೋಳಿಬಜೆ ಹಾಕಿ. 'ತಟ್ಟೆ ಎಷ್ಟುಂಟು? ಒಂದು ತಟ್ಟೆಯಲ್ಲಿ ಎಷ್ಟುಂಟು? ಎಲ್ಲಾ ಸೇರಿ ಎಷ್ಟು?' ಈ ಮೂರು ಪ್ರಶ್ನೆಗಳನ್ನು ಪ್ರತಿ ಸಲ ಇದೇ ಕ್ರಮದಲ್ಲಿ ಕೇಳಿ. ಮೊದಲ ಕೆಲವು ದಿನ ಮಗು ಒಂದೊಂದನ್ನೇ ಎಣಿಸಿ 12 ಎನ್ನುತ್ತದೆ. ಅವಸರ ಮಾಡಬೇಡಿ. ಆಮೇಲೆ ಒಂದು ತಟ್ಟೆಯ ಮೇಲೆ ಬಟ್ಟಲು ಕವುಚಿ ಹಾಕಿ. ಒಳಗಿರುವುದು ಕಾಣುವುದಿಲ್ಲ, ಆದರೆ 4 ಉಂಟು ಎಂದು ಗೊತ್ತಿದೆ. ಈಗ ಮಗು 'ನಾಲ್ಕು' ಎಂದು ಒಂದೇ ಸಲಕ್ಕೆ ಹೇಳಿ ಉಳಿದದ್ದನ್ನು ಎಣಿಸಬೇಕಾಗುತ್ತದೆ. ಮರುದಿನ ಎರಡು ತಟ್ಟೆ ಮುಚ್ಚಿ, ಅದರ ಮರುದಿನ ಮೂರನ್ನೂ ಮುಚ್ಚಿ. 'ನಾಲ್ಕು, ಎಂಟು, ಹನ್ನೆರಡು' ಎಂಬ ಎಣಿಕೆ ನೀವು ಹೇಳಿಕೊಡದೆಯೇ ಹೊರಬರುತ್ತದೆ. ಮಗು ಒಂದೊಂದು ವಸ್ತುವನ್ನು ಬಿಟ್ಟು ಗುಂಪನ್ನು ಎಣಿಸಲು ಶುರು ಮಾಡುವುದು ಇಲ್ಲಿಯೇ. ಇಡೀ ಗುಣಾಕಾರದಲ್ಲಿ ಇದಕ್ಕಿಂತ ದೊಡ್ಡ ಹೆಜ್ಜೆ ಬೇರೆ ಇಲ್ಲ.

ವಸ್ತುವಿನ ನಂತರ ಚಿತ್ರ: ಮೂರು ವೃತ್ತ, ಒಳಗೆ ನಾಲ್ಕು ನಾಲ್ಕು ಚುಕ್ಕಿ. ಚಿತ್ರ ಸರಿಯಾಗಿ ಬಂದ ಮೇಲೆ ಬರಹ: 4 + 4 + 4 = 12. ಕೊನೆಗೆ 3 × 4 = 12.

ಮನೆ, ಅಂಗಳ, ತೋಟದಲ್ಲಿ ಯಾವ ಸಂಖ್ಯೆಗೆ ಯಾವ ವಸ್ತು ಹೊಂದುತ್ತದೆ?

ಎಣಿಸುವ ಮೊದಲೇ 'ಇದರಲ್ಲಿ ಯಾವಾಗಲೂ ಇಷ್ಟೇ' ಎಂದು ನಂಬಬಹುದಾದ ವಸ್ತುವನ್ನು ಆರಿಸಿ.

ಎರಡಕ್ಕೆ ಬಾಗಿಲಲ್ಲಿ ಬಿಟ್ಟ ಚಪ್ಪಲಿ. ನೆಂಟರು ಬಂದ ದಿನ ಚಪ್ಪಲಿ ನೋಡಿ ಒಳಗೆ ಎಷ್ಟು ಜನ ಇದ್ದಾರೆ ಎಂದು ಹೇಳಿಸಿ, ಮಕ್ಕಳಿಗೆ ಇದು ಬಹಳ ಖುಷಿ. ಮೂರಕ್ಕೆ ತೆಂಗಿನಕಾಯಿಯ ಕಣ್ಣು: ಸುಲಿದ ಕಾಯಿ 5 ಇದ್ದರೆ ಕಣ್ಣು 15. ಆಟೋರಿಕ್ಷಾ ಚಕ್ರವೂ ಮೂರು. ನಾಲ್ಕಕ್ಕೆ ಕೇಪುಳ ಹೂ, ಅದಕ್ಕೆ ನಾಲ್ಕೇ ಎಸಳು. ದನದ ಕಾಲು, ಮಂಚದ ಕಾಲು ಕೂಡ ಆಗುತ್ತದೆ. ಐದಕ್ಕೆ ಕೈಬೆರಳು, ಐದು ರೂಪಾಯಿ ನಾಣ್ಯ, ಒಂಟಿ ಸುತ್ತಿನ ದಾಸವಾಳದ ಎಸಳು. ಆರಕ್ಕೆ ಇರುವೆಯ ಕಾಲು, ಎಂಟಕ್ಕೆ ಜೇಡನ ಕಾಲು. ಏಳಕ್ಕೆ ವಾರ. ಹತ್ತಕ್ಕೆ ಹತ್ತು ರೂಪಾಯಿ ನೋಟು, ಅಥವಾ ಹತ್ತು ಮಾತ್ರೆಯ ಖಾಲಿ ಸ್ಟ್ರಿಪ್. ಖಾಲಿಯದ್ದು ಮಾತ್ರ, ಮಾತ್ರೆ ಇರುವುದನ್ನು ಆಟಕ್ಕೆ ಕೊಡಲೇಬೇಡಿ. ಒಂಬತ್ತಕ್ಕೆ ವಸ್ತು ಹುಡುಕುವ ಅಗತ್ಯವಿಲ್ಲ. ಅದರ ದಾರಿ ಹತ್ತರಿಂದ ಬರುತ್ತದೆ, ಕೆಳಗೆ ಹೇಳಿದ್ದೇವೆ.

ಬಾಳೆಗೊನೆಯ ಚಿಪ್ಪು ಗುಣಾಕಾರಕ್ಕೆ ಒಗ್ಗುವುದಿಲ್ಲ. ಒಂದರಲ್ಲಿ 14 ಕಾಯಿ ಇದ್ದರೆ ಇನ್ನೊಂದರಲ್ಲಿ 11 ಇರುತ್ತದೆ. ಆದರೆ ಅದನ್ನೂ ಒಮ್ಮೆ ತೋರಿಸಿ. ಗುಂಪು ಸಮ ಇಲ್ಲದಿದ್ದರೆ ಕೂಡಿಸುವುದೊಂದೇ ದಾರಿ ಎಂಬುದು ಅಲ್ಲಿ ಚೆನ್ನಾಗಿ ಮನಸ್ಸಿಗೆ ಇಳಿಯುತ್ತದೆ.

ಎಣಿಕೆಗೆ ಗುಲಗಂಜಿ ಬಳಸಬೇಡಿ. ಕೆಂಪು ಕಪ್ಪು ಬಣ್ಣದ ಆ ಬೀಜ ನೋಡಲು ಚಂದ, ಆದರೆ ಜಗಿದರೆ ಪ್ರಾಣಕ್ಕೇ ಅಪಾಯ. ಮೂರು ವರ್ಷಕ್ಕಿಂತ ಸಣ್ಣ ತಮ್ಮ ತಂಗಿ ಮನೆಯಲ್ಲಿದ್ದರೆ ಹುಣಸೆ ಬೀಜವನ್ನೂ ಆಟ ಮುಗಿದ ಕೂಡಲೇ ಎತ್ತಿಡಿ, ಮೂಗಿಗೆ ಬಾಯಿಗೆ ಹಾಕಿಕೊಳ್ಳುತ್ತಾರೆ.

ಅಡಿಕೆ ತೋಟದಲ್ಲಿ ಏನು ಕಲಿಸಬಹುದು?

ಗುಂಪಿನಿಂದ ಸಾಲಿಗೆ ಹೋಗುವ ದಾರಿಯನ್ನು. ಹೊಸದಾಗಿ ನೆಟ್ಟ ಅಡಿಕೆ ತೋಟದಲ್ಲಿ ಗಿಡದಿಂದ ಗಿಡಕ್ಕೂ ಸಾಲಿಂದ ಸಾಲಿಗೂ ಸುಮಾರು 9 ಅಡಿ (2.7 ಮೀಟರ್) ಅಂತರ ಇರುತ್ತದೆ. ಹೀಗಾಗಿ ಉದ್ದಕ್ಕೆ ನೋಡಿದರೂ ಸಾಲು, ಅಡ್ಡಕ್ಕೆ ನೋಡಿದರೂ ಸಾಲು. ಮೂಲೆಯಲ್ಲಿ ಮಗುವನ್ನು ನಿಲ್ಲಿಸಿ 4 ಸಾಲು, ಸಾಲಿಗೆ 6 ಗಿಡ ಎಣಿಸಲು ಹೇಳಿ: 24. ಈಗ ಪಕ್ಕದ ಬದಿಗೆ ಕರೆದುಕೊಂಡು ಹೋಗಿ. ಅಲ್ಲಿಂದ ನೋಡಿದರೆ 6 ಸಾಲು, ಸಾಲಿಗೆ 4 ಗಿಡ. ಗಿಡ ಒಂದೂ ಹೆಚ್ಚಾಗಿಲ್ಲ, ಕಡಿಮೆಯಾಗಿಲ್ಲ. 4 × 6 ಮತ್ತು 6 × 4 ಏಕೆ ಒಂದೇ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಹಳೆಯ ತೋಟದಲ್ಲಿ ಸತ್ತ ಮರದ ಜಾಗ ಖಾಲಿ ಇರುತ್ತದೆ, ನಡುವೆ ಕೊಕ್ಕೋ, ಬಾಳೆ ಇರುತ್ತದೆ. ಅಲ್ಲಿ ಮೊದಲ ಪಾಠ ಬೇಡ. ಎರಡನೇ ಹಂತದಲ್ಲಿ 'ಸಾಲು ಪೂರ್ತಿ ಇದ್ದಿದ್ದರೆ 24, ಎರಡು ಮರ ಇಲ್ಲ, ಈಗ ಎಷ್ಟು?' ಎಂದು ಕೇಳಲು ಅದೇ ತೋಟ ಬಹಳ ಒಳ್ಳೆಯದು.

ತೋಟ ಇಲ್ಲದವರಿಗೆ ಮೊಟ್ಟೆ ಟ್ರೇ. ಅದರಲ್ಲಿ 5 ಸಾಲು, ಸಾಲಿಗೆ 6 ಕುಳಿ, ಒಟ್ಟು 30. ಕತ್ತರಿಯಿಂದ 2 × 6, 3 × 4, 3 × 5 ಹೀಗೆ ತುಂಡು ಮಾಡಿಕೊಂಡರೆ ತಿರುಗಿಸಿ ತಿರುಗಿಸಿ ತೋರಿಸಬಹುದು. ನೆಲದ ಟೈಲ್ಸ್, ಕಿಟಕಿಯ ಸರಳು, ಇಡ್ಲಿ ತಟ್ಟೆ ಎಲ್ಲವೂ ನಡೆಯುತ್ತದೆ.

3 × 4 = 7 ಎಂದು ಬರೆಯುತ್ತಾಳೆ. ಎಷ್ಟು ಹೇಳಿದರೂ ಸರಿಯಾಗುವುದಿಲ್ಲ.

ಗುಣಾಕಾರದ ಚಿಹ್ನೆ ಬೇಗ ಬಂದುಬಿಟ್ಟಿದೆ. + ಮತ್ತು × ನೋಡಲು ಹೆಚ್ಚು ಬೇರೆಯಲ್ಲ, ಮಗುವಿಗೆ ರೂಢಿ ಇರುವುದು ಕೂಡಿಸುವುದು. 'ತಪ್ಪು' ಎಂದು ಗೀಟು ಹಾಕುವ ಬದಲು 'ಇದರ ಚಿತ್ರ ಬಿಡಿಸು ಮಗಾ' ಎನ್ನಿ. 3 ವೃತ್ತ, ಒಳಗೆ 4 ಚುಕ್ಕಿ ಬಂದರೆ ಅರ್ಥ ಗೊತ್ತಿದೆ, ಚಿಹ್ನೆ ಮಾತ್ರ ಗೊಂದಲ. ಕೆಲವು ದಿನ × ಬದಲು 'ಸಲ' ಎಂದು ಬರೆಸಿ: 3 ಸಲ 4. ಚಿತ್ರದಲ್ಲೇ 3 ಚುಕ್ಕಿ, ಪಕ್ಕ 4 ಚುಕ್ಕಿ ಬಂದರೆ ತಟ್ಟೆಗಳ ಆಟಕ್ಕೆ ಮರಳಿ. ಅದಕ್ಕೆ ಒಂದು ವಾರ ಕೊಟ್ಟರೆ ಮುಂದೆ ತಿಂಗಳುಗಳು ಉಳಿಯುತ್ತವೆ.

ಪುಸ್ತಕದಲ್ಲಿ ಒಂದು ರೀತಿ, ಮಗ್ಗಿಯಲ್ಲಿ ಇನ್ನೊಂದು ರೀತಿ ಓದುತ್ತಾರೆ. ಯಾವುದು ಸರಿ?

'ನಾಲ್ಕು ಮೂರ್ಲಿ ಹನ್ನೆರಡು' ಎಂಬ ಮಗ್ಗಿಯಲ್ಲಿ ಗುಂಪಿನ ಗಾತ್ರ ಮೊದಲು, ಎಷ್ಟು ಸಲ ಎಂಬುದು ಆಮೇಲೆ. ಪಾಠದಲ್ಲಿ 3 × 4 ಎಂದರೆ 3 ಸಲ 4 ಎಂದು ಹೇಳಿಕೊಡುತ್ತಿದ್ದರೆ ಕ್ರಮ ತಿರುಗುತ್ತದೆ. ಬರೆಯುವಾಗ ಶಾಲೆಯ ಕ್ರಮ ಇಟ್ಟುಕೊಳ್ಳಿ, ಹೇಳುವಾಗ ಮಗ್ಗಿಯ ಕ್ರಮ. ತೋಟದ ಸಾಲನ್ನು ಎರಡೂ ಬದಿಯಿಂದ ನೋಡಿದ ಮಗು ಇದಕ್ಕೆ ತಲೆಕೆಡಿಸಿಕೊಳ್ಳುವುದಿಲ್ಲ. ನೋಡದ ಮಗುವಿಗೆ ಮಾತ್ರ ಇದು ದೊಡ್ಡ ಗೊಂದಲ.

ಮಗ್ಗಿಗಳನ್ನು ಯಾವ ಕ್ರಮದಲ್ಲಿ ಕಲಿಸಬೇಕು? ಎರಡರಿಂದ ಹತ್ತರವರೆಗೆ ಸಾಲಾಗಿಯೇ?

ಸಾಲಾಗಿ ಹೋದರೆ ಕಷ್ಟದವೆಲ್ಲ ಒಟ್ಟಿಗೆ ಎದುರಾಗುತ್ತವೆ. ನಮ್ಮ ಸಲಹೆ ಹೀಗೆ: 2, 10, 5, ಆಮೇಲೆ 4, 3, 6, 8, 9, ಕೊನೆಗೆ 7.

ಈ ಕ್ರಮದಲ್ಲಿ ಒಂದು ಇನ್ನೊಂದರ ಮೇಲೆ ನಿಲ್ಲುತ್ತದೆ. 5ರ ಮಗ್ಗಿ 10ರ ಅರ್ಧ. 4ರ ಮಗ್ಗಿ 2ರ ಇಮ್ಮಡಿ: ಎರಡು ಏಳು 14, ಅದರ ಇಮ್ಮಡಿ 28, ಅದೇ 4 × 7. ಇನ್ನೊಮ್ಮೆ ಇಮ್ಮಡಿ ಮಾಡಿದರೆ 8 × 7 = 56. ಹಾಗೆಯೇ 3ರಿಂದ 6. ಒಂಬತ್ತಕ್ಕೆ ಹತ್ತು ಸಲದಿಂದ ಒಂದು ಸಲ ಕಳೆಯುವುದು: 10 ಸಲ 6 ಎಂದರೆ 60, ಅದರಿಂದ ಒಂದು 6 ತೆಗೆದರೆ 54. ಬೆರಳು ಮಡಚಿ 9ರ ಮಗ್ಗಿ ಹೇಳುವ ಉಪಾಯ ಉತ್ತರ ತಾಳೆ ನೋಡಲು ಒಳ್ಳೆಯದು, ಆದರೆ ಅದರಿಂದ ಏಕೆ ಎಂಬುದು ತಿಳಿಯುವುದಿಲ್ಲ. ಕಳೆಯುವ ದಾರಿ ಮೊದಲು ಬರಲಿ.

ಲೆಕ್ಕ ಹಾಕಿ ನೋಡಿದರೆ ಧೈರ್ಯ ಬರುತ್ತದೆ. 1ರಿಂದ 10ರ ಮಗ್ಗಿಯಲ್ಲಿ 100 ಉತ್ತರಗಳು. ತಿರುಗಿಸಿದರೂ ಒಂದೇ ಎಂದು ಗೊತ್ತಾದ ಮೇಲೆ ಬೇರೆ ಬೇರೆಯವು 55 ಮಾತ್ರ. 1, 2, 5, 10ರ ಮಗ್ಗಿ ಬಂದ ಮೇಲೆ ಉಳಿಯುವುದು 21. 9 ಮತ್ತು 4ರ ಉಪಾಯ ಗೊತ್ತಾದರೆ ಉಳಿಯುವುದು ಹತ್ತೇ: 3 × 3, 3 × 6, 3 × 7, 3 × 8, 6 × 6, 6 × 7, 6 × 8, 7 × 7, 7 × 8, 8 × 8. ಈ ಹತ್ತನ್ನು ಒಂದೊಂದು ಚೀಟಿಯಲ್ಲಿ ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿ. ವಾರಕ್ಕೆ ಎರಡು ಸಾಕು. ಗಟ್ಟಿಯಾದ ಚೀಟಿಯನ್ನು ಮಗುವೇ ಕಿತ್ತು ತೆಗೆಯಲಿ.

ದೀಪ ಹಚ್ಚಿದ ಮೇಲೆ ಮಗ್ಗಿ ಹೇಳಿಸಲೇಬೇಕು ಎಂದು ಅಜ್ಜಿ ಹೇಳುತ್ತಾರೆ. ಬಿಡಬೇಕೇ?

ಖಂಡಿತ ಬಿಡಬೇಡಿ. ಸಂಜೆ ಭಜನೆಯಾದ ಮೇಲೆ ಎಲ್ಲರೂ ಕೂತು 'ಎರಡೊಂದ್ಲಿ ಎರಡು, ಎರಡೆರಡ್ಲಿ ನಾಲ್ಕು' ಹೇಳುವುದರಿಂದ ಬರುವ ವೇಗ ಬೇರೆ ಯಾವುದರಿಂದಲೂ ಬರುವುದಿಲ್ಲ. ಎರಡು ಮಾತು ಮಾತ್ರ ಅಜ್ಜಿಯ ಹತ್ತಿರ ಕೇಳಿಕೊಳ್ಳಿ. ಬೀಜ ಇಟ್ಟು ಅರ್ಥವಾದ ಮಗ್ಗಿಯನ್ನು ಮಾತ್ರ ಹೇಳಿಸಲಿ. ಹೇಳಿ ಮುಗಿದ ಮೇಲೆ ಅಲ್ಲೊಂದು ಇಲ್ಲೊಂದು ನಡುವಿನಿಂದ ಕೇಳಲಿ. 20ರವರೆಗೆ, ಕಾಲು ಅರೆ ಮುಕ್ಕಾಲಿನ ಮಗ್ಗಿಯವರೆಗೆ ಬಾಯಲ್ಲಿರುವ ಹಿರಿಯರು ಇದ್ದರೆ ಅದೊಂದು ಭಾಗ್ಯ. ಆದರೆ 3ನೇ ತರಗತಿಯ ಮಗುವಿಗೆ 10ರವರೆಗೆ ಸಾಕು.

7 × 6 ಕೇಳಿದರೆ 'ಏಳೊಂದ್ಲಿ ಏಳು' ಎಂದು ಮೊದಲಿಂದ ಶುರು ಮಾಡುತ್ತಾನೆ.

ಬರೇ ಸಾಲಾಗಿ ಹೇಳಿ ಕಲಿತವರೆಲ್ಲ ಹೀಗೆಯೇ ಮಾಡುತ್ತಾರೆ. ನಡುವೆ ಇಳಿಯಲು ನಿಲ್ದಾಣ ಬೇಕು, ಅದು 5. ಪ್ರತಿ ಮಗ್ಗಿಯಲ್ಲೂ ಐದನೆಯ ಸಾಲನ್ನು ಮೊದಲು ಗಟ್ಟಿ ಮಾಡಿಸಿ: 7 × 5 = 35. 7 × 6 ಬೇಕಿದ್ದರೆ ಇನ್ನೊಂದು 7 ಸೇರಿಸಿದರೆ ಆಯಿತು, 42. 7 × 4 ಬೇಕಿದ್ದರೆ ಒಂದು 7 ಕಡಿಮೆ. 7 × 10 ಎರಡನೇ ನಿಲ್ದಾಣ.

ಬಿಟ್ಟು ಬಿಟ್ಟು ಎಣಿಸುವಾಗ ಇನ್ನೊಂದು ತಪ್ಪು ಬರುತ್ತದೆ. 'ಏಳು, ಹದಿನಾಲ್ಕು, ಇಪ್ಪತ್ತೊಂದು' ಎನ್ನುತ್ತಾ ಎಷ್ಟು ಸಲ ಆಯಿತು ಎಂಬುದು ಮರೆತುಹೋಗಿ 7 × 6ಕ್ಕೆ 35 ಅಥವಾ 49 ಬರುತ್ತದೆ. ಉತ್ತರ ಸರಿಯಾಗಿ ಒಂದು ಗುಂಪಿನಷ್ಟು ಆಚೆ ಈಚೆ ಇದ್ದರೆ ಕಾರಣ ಇದೇ. ಸಲಕ್ಕೊಂದು ಬೆರಳು ಮಡಚುವ ಅಭ್ಯಾಸ ಮಾಡಿಸಿ.

ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ. ಯಾವ ಭಾಷೆಯಲ್ಲಿ ಎಣಿಸಬೇಕು?

ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಮನೆಗಳಿಂದ ಹೆಚ್ಚಾಗಿ ಬರುವ ಪ್ರಶ್ನೆ ಇದು. ತಟ್ಟೆ ಬಟ್ಟಲಿನ ಹಂತದಲ್ಲಿ ಮಗುವಿಗೆ ನಿದ್ದೆಯಲ್ಲೂ ಬರುವ ಭಾಷೆಯಲ್ಲೇ ಎಣಿಸಲಿ. ಅದು ತುಳುವಾಗಲಿ, ಮಲಯಾಳವಾಗಲಿ, ಬ್ಯಾರಿ, ಕೊಂಕಣಿ, ಕರಾಡ ಮರಾಠಿಯಾಗಲಿ. ಗುಂಪು ಕಾಣುವುದು ಕಣ್ಣಿಗೆ, ಅದಕ್ಕೆ ಭಾಷೆಯ ತೊಡಕು ಬೇಡ. ಮಗ್ಗಿಯನ್ನು ಮಾತ್ರ ಶಾಲೆಯ ಒಂದೇ ಭಾಷೆಯಲ್ಲಿ ಹೇಳಿಸಿ. ಒಂದೇ ವಾರದಲ್ಲಿ ಅಪ್ಪ ಒಂದು ಭಾಷೆಯಲ್ಲಿ, ಟ್ಯೂಷನ್‌ನಲ್ಲಿ ಇನ್ನೊಂದು ಭಾಷೆಯಲ್ಲಿ ಹೇಳಿಸಿದರೆ ಎರಡರ ಲಯವೂ ಕೆಡುತ್ತದೆ.

ಕೇಳುವಾಗ ಹದಿಮೂರು–ಮೂವತ್ತು, ಹದಿನಾರು–ಅರವತ್ತು, ಒಂಬತ್ತು–ತೊಂಬತ್ತು ಅದಲುಬದಲಾಗುವುದುಂಟು. ಉತ್ತರ ತಪ್ಪಾದರೆ ಮೊದಲು ಅಂಕಿಯಲ್ಲಿ ಬರೆಸಿ ನೋಡಿ. ಲೆಕ್ಕ ಸರಿಯಿದ್ದು ಹೆಸರು ಮಾತ್ರ ತಪ್ಪಿರಬಹುದು.

ಚೆನ್ನೆಮಣೆ ಆಟದಿಂದ ಪ್ರಯೋಜನ ಉಂಟೇ?

ಬಹಳ ಉಂಟು. ಮಣೆಯಲ್ಲಿ ಎರಡು ಸಾಲು, ಸಾಲಿಗೆ 7 ಮನೆ, ಮನೆಗೆ 4 ಕಾಯಿ. ಆಟ ಶುರುವಾಗುವ ಮೊದಲು ಕಾಯಿ ತುಂಬಿಸುವ ಕೆಲಸ ಮಗುವಿಗೇ ಕೊಡಿ. ನನ್ನ ಬದಿಯಲ್ಲಿ ಎಷ್ಟು? 7 × 4 = 28. ಎರಡೂ ಬದಿ? 56. ಇನ್ನು ಎದುರು ಬದುರಾದ ಎರಡು ಮನೆ ಸೇರಿಸಿ ನೋಡಿ: 4 ಮತ್ತು 4, ಎಂಟು. ಅಂಥ ಜೋಡಿ 7. ಮಕ್ಕಳಿಗೆ ಅತ್ಯಂತ ಕಷ್ಟದ 7 × 8 = 56 ಮಣೆಯ ಮೇಲೆಯೇ ಕೂತಿದೆ.

ಆಟ ನಡೆದಂತೆ ಮನೆಗಳಲ್ಲಿ ಕಾಯಿ ಏರುಪೇರಾಗುತ್ತದೆ. 'ಈಗಲೂ ಏಳು ನಾಲ್ಕು ಎನ್ನಬಹುದೇ?' ಎಂದು ಕೇಳಿ. ಆಗುವುದಿಲ್ಲ, ಎಣಿಸಲೇಬೇಕು. ಆಟದ ಕೊನೆಗೆ ಕೈಯಲ್ಲಿ 36 ಕಾಯಿ ಇದ್ದರೆ ನಾಲ್ಕು ನಾಲ್ಕಾಗಿ 9 ಮನೆ ತುಂಬುತ್ತದೆ, ಅದು ಭಾಗಾಕಾರ. ಆಟಿ ತಿಂಗಳ ಮಳೆಯಲ್ಲಿ ಹೊರಗೆ ಹೋಗಲಾಗದ ದಿನಗಳಿಗೆ ಇದಕ್ಕಿಂತ ಒಳ್ಳೆಯ ಗಣಿತ ಇಲ್ಲ. ಮಣೆ ಇಲ್ಲದವರು ನೆಲದಲ್ಲಿ ಸೀಮೆಸುಣ್ಣದಿಂದ 14 ವೃತ್ತ ಎಳೆದರೂ ಆಯಿತು.

ಏಳರ ಮಗ್ಗಿಗೆ ಬೇರೆ ಏನಾದರೂ ಉಪಾಯ?

ಕ್ಯಾಲೆಂಡರಿನಲ್ಲಿ 7ನೇ ತಾರೀಕು ಯಾವ ವಾರವೋ ಆ ವಾರದ ಸಾಲು ನೋಡಿ: 7, 14, 21, 28. ಬೇರೆ ವಾರದ ಸಾಲಿನಲ್ಲೂ ಏಳೇಳೇ ಹೆಚ್ಚುತ್ತದೆ. ಯಕ್ಷಗಾನದ ಮನೆಯಾದರೆ ಇನ್ನೂ ಸುಲಭ. ತ್ರಿವುಡೆ ತಾಳದ ಒಂದು ಆವರ್ತಕ್ಕೆ 7 ಅಕ್ಷರ, 3 + 2 + 2. ಚಪ್ಪಾಳೆ ಹಾಕುತ್ತಾ ಆವರ್ತ ಮುಗಿದಾಗಲೆಲ್ಲ 7, 14, 21 ಎಂದು ಹೇಳಿಸಿ.

ಬಾಯಿಲೆಕ್ಕ ಚೆನ್ನಾಗಿದೆ, ಆದರೆ ಮಾತಿನ ಲೆಕ್ಕ ಕೊಟ್ಟರೆ ಎಲ್ಲವನ್ನೂ ಕೂಡಿಸುತ್ತಾಳೆ.

'ಒಟ್ಟು' ಎಂಬ ಪದ ಕಂಡ ಕೂಡಲೇ ಕೂಡಿಸಬೇಕು ಎಂದು ಯಾರೋ ಹೇಳಿಕೊಟ್ಟಿರುತ್ತಾರೆ. ಒಟ್ಟು ಎಂಬುದು ಕೂಡಿಸುವ ಲೆಕ್ಕದಲ್ಲೂ ಬರುತ್ತದೆ, ಗುಣಿಸುವ ಲೆಕ್ಕದಲ್ಲೂ ಬರುತ್ತದೆ. ಎರಡು ಲೆಕ್ಕ ಪಕ್ಕಪಕ್ಕ ಇಡಿ. 'ಅಮ್ಮ 5 ನೀರುದೋಸೆ ಎರೆದರು, ಅಕ್ಕ 3 ಎರೆದಳು, ಒಟ್ಟು ಎಷ್ಟು?' 'ಮನೆಯಲ್ಲಿ 5 ಜನ, ಒಬ್ಬೊಬ್ಬರಿಗೆ 3 ನೀರುದೋಸೆ, ಒಟ್ಟು ಎಷ್ಟು?' ಅಂಕಿಗಳೂ ಒಂದೇ, ಕೊನೆಯ ಪದವೂ ಒಂದೇ, ಉತ್ತರ ಮಾತ್ರ 8 ಮತ್ತು 15. ಎರಡಕ್ಕೂ ಚಿತ್ರ ಬಿಡಿಸಲು ಹೇಳಿ. ಎರಡನೇ ಲೆಕ್ಕದಲ್ಲಿ 5 ಎಂಬುದು ದೋಸೆ ಅಲ್ಲ, ಜನ ಎಂಬುದು ಚಿತ್ರದಲ್ಲಿ ತಾನಾಗಿ ಕಾಣುತ್ತದೆ. 'ಒಬ್ಬೊಬ್ಬರಿಗೆ', 'ತಲಾ', 'ಪ್ರತಿಯೊಂದರಲ್ಲಿ' ಎಂಬ ಪದಗಳ ಕೆಳಗೆ ಗೆರೆ ಎಳೆಸಿ. ಆಮೇಲೆ ಮಗುವೇ ಇಂಥ ಜೋಡಿ ಲೆಕ್ಕ ಕಟ್ಟಲಿ.

ಸೊನ್ನೆಯಿಂದ ಗುಣಿಸಿದರೆ ಸೊನ್ನೆ ಏಕೆ?

ಮೂರು ಖಾಲಿ ತಟ್ಟೆ ಇಟ್ಟು ಆ ಮೂರು ಪ್ರಶ್ನೆ ಕೇಳಿ. ತಟ್ಟೆ 3, ಒಂದರಲ್ಲಿ 0, ಎಲ್ಲಾ ಸೇರಿ 0. ಮುಗಿಯಿತು.

ಭಾಗಾಕಾರ ಮುಂದಿನ ವರ್ಷಕ್ಕೆ ಇಡಬೇಕೇ?

ಬೇಡ, ಜೊತೆಯಲ್ಲೇ ಬರಲಿ. 3 ತಟ್ಟೆಗೆ 4ರಂತೆ 12 ಎಂದ ಮಗುವಿಗೆ ಅದೇ 12ನ್ನು 4 ಜನರಿಗೆ ಹಂಚಲು ಹೇಳಿ. 13 ಕೊಟ್ಟರೆ ಒಂದು ಉಳಿಯುತ್ತದೆ, ಆ ಉಳಿದದ್ದರ ಬಗ್ಗೆ ಮಾತಾಡಿ. ÷ ಚಿಹ್ನೆಗೆ ಮಾತ್ರ ಅವಸರವಿಲ್ಲ.

ಅಂಗಡಿ, ಬಸ್ಸಿನಲ್ಲಿ ಕಲಿಸುವುದು ಹೇಗೆ?

ದುಡ್ಡಿನ ಲೆಕ್ಕ ಚಿಕ್ಕದಿರಲಿ. 5 ರೂಪಾಯಿಯ ಪೆನ್ಸಿಲ್ 4, 10 ರೂಪಾಯಿಯ ಬಿಸ್ಕೆಟ್ ಪ್ಯಾಕೆಟ್ 3. ಮನೆಯಿಂದ ಹೊರಡುವ ಮೊದಲೇ ಲೆಕ್ಕ ಹಾಕಿಸಿ ಅಷ್ಟೇ ದುಡ್ಡು ಮಗುವಿನ ಕೈಗೆ ಕೊಡಿ. ಅಂಗಡಿಯವರ ಎದುರು ಪರೀಕ್ಷೆ ಮಾಡಬೇಡಿ, ನಾಚಿಕೆಯಿಂದ ಗೊತ್ತಿದ್ದದ್ದೂ ಮರೆಯುತ್ತದೆ. ತೂಕದ ಸಾಮಾನು, ಒಂದು ಕಿಲೋಗೆ 38 ರೂಪಾಯಿ ಎಂಬಂಥ ದರ ಈ ವಯಸ್ಸಿಗೆ ಬೇಡ. ಬಸ್ಸಿನಲ್ಲಿ ಸೀಟುಗಳೇ ಸಾಕು: ಒಂದು ಬದಿಯ ಸೀಟಿನಲ್ಲಿ ಇಬ್ಬರು, ಅಂಥ ಸೀಟು 9.

ದಿನಕ್ಕೆ ಎಷ್ಟು ಹೊತ್ತು?

ಕೂತು ಮಾಡುವುದು 10ರಿಂದ 15 ನಿಮಿಷ. ಶಾಲೆಯಿಂದ ಬಂದ ಕೂಡಲೇ ಬೇಡ, ಹೊಟ್ಟೆಗೆ ಏನಾದರೂ ಹಾಕಿದ ಮೇಲೆ. ಒಂದು ದಿನಕ್ಕೆ ಒಂದೇ ಹೊಸ ವಿಷಯ. ಅಳು ಬಂದರೆ ಅಲ್ಲಿಗೇ ನಿಲ್ಲಿಸಿ, ಆದರೆ ಗೊತ್ತಿರುವ ಒಂದು ಸುಲಭದ ಲೆಕ್ಕ ಮಾಡಿಸಿ ಏಳಿಸಿ.

ಮಗ್ಗಿ 10ರವರೆಗೆ ಬಂತು. 3 × 14 ಹೇಗೆ?

ಮತ್ತೆ ತೋಟಕ್ಕೆ. 3 ಸಾಲು, ಸಾಲಿಗೆ 14 ಅಡಿಕೆ ಗಿಡ. ಹತ್ತನೇ ಗಿಡದ ಆಚೆ ನೆಲದಲ್ಲಿ ಒಂದು ಗೆರೆ ಎಳೆಯಿರಿ. ಗೆರೆಯ ಈಚೆ 3 × 10 = 30, ಆಚೆ 3 × 4 = 12, ಒಟ್ಟು 42. ಇದನ್ನೇ ಪುಸ್ತಕದಲ್ಲಿ ಚೌಕ ಎಳೆದು ಬರೆಸಿ. ದಶಕ ಏರಿಸಿ ಗುಣಿಸುವ ರೀತಿ ಶಾಲೆಯಲ್ಲಿ ಬಂದಾಗ, ಏರಿಸುವ 1 ಎಂಬುದು ನಿಜವಾಗಿ ಹತ್ತು ಎಂದು ಮಗುವಿಗೆ ಗೊತ್ತಿರುತ್ತದೆ. ಇದು ತಿಳಿಯದವರು 3 × 14ಕ್ಕೆ 312 ಎಂದು ಬರೆಯುತ್ತಾರೆ.

ಎಷ್ಟು ಮಾಡಿದರೂ ತಲೆಗೆ ಹೋಗುವುದಿಲ್ಲ. ಚಿಂತೆ ಮಾಡಬೇಕೇ?

ಮಗ್ಗಿ ತಡವಾಗಿ ಬರುವುದು ಚಿಂತೆಯ ವಿಷಯವಲ್ಲ. 8–9 ವರ್ಷವಾದರೂ 3–4 ವಸ್ತುಗಳನ್ನು ಒಂದೊಂದಾಗಿ ಎಣಿಸದೆ ಹೇಳಲಾಗದಿದ್ದರೆ, 7 ಮತ್ತು 9ರಲ್ಲಿ ಯಾವುದು ದೊಡ್ಡದು ಎಂದು ಹೇಳಲು ತಡಕಾಡಿದರೆ, ನಿನ್ನೆ ಸರಾಗವಾಗಿ ಬಂದದ್ದು ಇಂದು ಪೂರ್ತಿ ಮರೆತು ಹೀಗೆಯೇ ತಿಂಗಳುಗಟ್ಟಲೆ ನಡೆದರೆ ಮೊದಲು ಕಣ್ಣು ಕಿವಿ ಪರೀಕ್ಷೆ ಮಾಡಿಸಿ. ಆಮೇಲೆ ತರಗತಿಯ ಟೀಚರ ಜೊತೆ ಮಾತಾಡಿ. ಸಮಗ್ರ ಶಿಕ್ಷಾ ಕೇರಳದ ಬ್ಲಾಕ್ ಸಂಪನ್ಮೂಲ ಕೇಂದ್ರಗಳಲ್ಲಿ, ಅಂದರೆ ಎಲ್ಲರೂ ಬಿಆರ್‌ಸಿ ಎನ್ನುವಲ್ಲಿ, ಕಲಿಕೆಯ ತೊಡಕು ಇರುವ ಮಕ್ಕಳಿಗಾಗಿ ವಿಶೇಷ ಶಿಕ್ಷಕರಿದ್ದಾರೆ. ಶಾಲೆಯ ಮೂಲಕ ಅವರನ್ನು ಕಾಣಬಹುದು. ಹೋಗುವಾಗ ಮಗು ಅಳಿಸದೆ ಬಿಟ್ಟ ಲೆಕ್ಕಗಳೂ ಚಿತ್ರಗಳೂ ಇರುವ ಪುಸ್ತಕ ಒಯ್ಯಿರಿ. ಸರಿ ಉತ್ತರಗಳಿಗಿಂತ ತಪ್ಪು ಉತ್ತರಗಳಿಂದಲೇ ಅವರಿಗೆ ಹೆಚ್ಚು ತಿಳಿಯುತ್ತದೆ.